ಕೊಲೆಗಾರನನ್ನು ಹುಡುಕಿದ ಜಿಲ್ಲೆ

ಕೋಲಾರದ ಸೀಮೆಯಲ್ಲಿ ತಿರುಗಾಡಿದವರಿಗೆ ವೀರಗಲ್ಲುಗಳ ಪರಿಚಯ ಮಾಡಿಕೊಡಬೇಕಾಗಿಲ್ಲ. ಊರ ಮುಂದಿನ ಅರಳೀಕಟ್ಟೆಯ ಪಕ್ಕದಲ್ಲಿಯೋ, ಕೆರೆಯ ಏರಿಯ ಮೇಲೆಯೋ, ಹುಣಿಸೆಯ ತೋಪಿನೊಳಗೋ ಅರ್ಧ ಹೂತುಹೋದ ಕಲ್ಲೊಂದು ನಿಂತಿರುತ್ತದೆ. ಕುವಲಾಲಪುರವರೇಶ್ವರರೆಂದು ಬಿರುದು ಹೊತ್ತ ಗಂಗರ ನಾಡು ಇದು. ರೈಸ್ ಸಾಹೇಬರು 1905ರಲ್ಲಿ ಹೊರತಂದ ಎಪಿಗ್ರಾಫಿಯ ಕರ್ನಾಟಿಕದ ಹತ್ತನೆಯ ಸಂಪುಟ ಈ ಜಿಲ್ಲೆಗೇ ಮೀಸಲು. ಅದರಲ್ಲಿಯ ವೀರಗಲ್ಲುಗಳನ್ನು ಓದುತ್ತ ಹೋದರೆ ಒಂದು ಕ್ರಮ ಕಾಣುತ್ತದೆ. ಯಾರ ಆಳ್ವಿಕೆಯ ಕಾಲ, ಸತ್ತವನು ಯಾರು, ಯಾವ ಊರಿನ ತುರುಗಳನ್ನು ಮರಳಿಸಲು ಯಾರೊಡನೆ ಕಾದಿದನು, ಅವನ ಮನೆಯವರಿಗೆ ನೆತ್ತರುಗೊಡಗೆಯಾಗಿ ಎಷ್ಟು ನೆಲ ಬಿಟ್ಟರು, ಇಷ್ಟೇ ಅದರ ಮಾತು. ಹಗೆ ಯಾರೆಂಬುದರಲ್ಲಿ ಕಲ್ಲಿಗೆ ಸಂಶಯವಿರುವುದಿಲ್ಲ. ಊರವರೆಲ್ಲ ಕಣ್ಣಾರೆ ಕಂಡ ಸಾವು ಅದು.

ಕಣ್ಣಾರೆ ಕಾಣದ ಸಾವೊಂದಕ್ಕೆ ವೀರಗಲ್ಲು ನಿಲ್ಲಿಸಲು ಈ ಜಿಲ್ಲೆಯ ಜನ ಒಮ್ಮೆ ಹೊರಟರು. ಅದು 2015ರ ಮಾರ್ಚ್ ತಿಂಗಳು. ಕಲ್ಲಿನ ಮೇಲೆ ಹಗೆಯ ಹೆಸರು ಬೇಕು, ಹೆಸರು ಸಿಕ್ಕಿರಲಿಲ್ಲ. ಆ ಹೆಸರಿಗಾಗಿ ನಡೆದ ಹುಡುಕಾಟವೇ ಈ ಲೇಖನದ ವಿಷಯ.

ಡಿ. ಕೆ. ರವಿಯವರು ಹುಟ್ಟಿದುದು 1979ರಲ್ಲಿ, ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ದೊಡ್ಡಕೊಪ್ಪಲು ಎಂಬ ಹಳ್ಳಿಯ ರೈತ ಕುಟುಂಬದಲ್ಲಿ. 2009ರ ತಂಡದ ಐ.ಎ.ಎಸ್. ಅಧಿಕಾರಿಯಾಗಿ ಆಯ್ಕೆಯಾದರು. 2013ರ ಆಗಸ್ಟಿನಲ್ಲಿ ಕೋಲಾರದ ಜಿಲ್ಲಾಧಿಕಾರಿಯಾಗಿ ಬಂದು, 2014ರ ಅಕ್ಟೋಬರಿನಲ್ಲಿ ವರ್ಗವಾಗಿ ಹೋದರು. ಒಟ್ಟು ಹದಿನಾಲ್ಕು ತಿಂಗಳು. ಇಷ್ಟು ಅಲ್ಪಾವಧಿಯಲ್ಲಿ ಒಬ್ಬ ಅಧಿಕಾರಿಯ ಹೆಸರು ಮನೆಮಾತಾಗಬೇಕಾದರೆ ಆ ಜಿಲ್ಲೆಯ ಹೊಟ್ಟೆಯ ಸಂಕಟವೇನೆಂದು ಮೊದಲು ತಿಳಿಯಬೇಕು.

ಕೋಲಾರಕ್ಕೆ ವರ್ಷವಿಡೀ ಹರಿಯುವ ನದಿಯಿಲ್ಲ. ಪಾಲಾರ್ ಮಳೆಗಾಲದ ನದಿ. ಮಳೆ ಬಾರದಿದ್ದರೆ ಬರಿಯ ಹೆಸರು. ಹಿಂದಿನವರು ಇದನ್ನು ಅರಿತೇ ಕೆರೆಯ ಕೆಳಗೆ ಕೆರೆ ಕಟ್ಟಿ ಸರಪಣಿ ಮಾಡಿದರು. ಬೆಂಗಳೂರು ಬೆಳೆದಂತೆಲ್ಲ ಈ ಕೆರೆಗಳಿಗೆ ಎರಡು ಕಡೆಯಿಂದ ಕುತ್ತು ಬಂತು. ನಗರ ಇಲ್ಲಿಂದ ಎಪ್ಪತ್ತು ಕಿಲೋಮೀಟರಿನೊಳಗೇ ಇರುವುದರಿಂದ ನೆಲದ ಬೆಲೆ ಏರಿ ಅಂಗಳಗಳು ಒತ್ತುವರಿಯಾದುವು. ಕಟ್ಟಡಗಳಿಗೆ ಮರಳು ಬೇಕಾದುದರಿಂದ ಉಳಿದ ಅಂಗಳಗಳು ಗುಂಡಿ ಬಿದ್ದುವು. ‘ಫಿಲ್ಟರ್ ಮರಳು’ ಎಂಬ ಮಾತನ್ನು ಬೆಂಗಳೂರಿನ ವಾಚಕರು ಕೇಳಿರಬಹುದು. ಕೆರೆಯಂಗಳದ, ಹೊಲದ ಮಣ್ಣನ್ನು ತೋಡಿ, ಪಂಪಿನ ನೀರು ಹಾಯಿಸಿ ಜೇಡಿಯನ್ನು ತೊಳೆದುಬಿಟ್ಟು, ತಳದಲ್ಲಿ ಉಳಿದುದನ್ನು ನದಿಯ ಮರಳೆಂದು ಮಾರುವುದು. ಕುಡಿಯುವ ನೀರಿಗಾಗಿ ಸಾವಿರ ಅಡಿಗೂ ಕೆಳಗೆ ಕೊಳವೆಬಾವಿ ಕೊರೆಯುವ ಸೀಮೆಯಲ್ಲಿ ಮಣ್ಣು ತೊಳೆಯುವುದಕ್ಕೂ ಅದೇ ನೀರು. ಇದು ಕಾನೂನಿಗೆ ವಿರುದ್ಧವೆಂದು ಎಲ್ಲರಿಗೂ ಗೊತ್ತಿತ್ತು. ರಾತ್ರಿ ಲಾರಿ ಹೋಗುವ ದಾರಿಯೂ ಎಲ್ಲರಿಗೂ ಗೊತ್ತಿತ್ತು.

ರವಿಯವರು ಈ ಲಾರಿಗಳನ್ನು ಹಿಡಿಸಿದರು, ಕೆರೆಯ ಒತ್ತುವರಿಗಳನ್ನು ತೆರವು ಮಾಡಿಸಿದರು. ಪಹಣಿ, ಪೋಡಿ, ಮಾಸಾಶನಗಳಿಗಾಗಿ ತಾಲ್ಲೂಕು ಕಚೇರಿಯ ಮೆಟ್ಟಿಲು ಸವೆಸುವ ಜನರ ಹತ್ತಿರಕ್ಕೆ ತಾವೇ ಹೋಗಿ ಅಹವಾಲು ಕೇಳಿದರು. ಮಾಲೂರು ತಾಲ್ಲೂಕಿನಿಂದ ಬಂದ ಮಾಸ್ತಿಯವರು ಮೈಸೂರು ಸಂಸ್ಥಾನದ ಆಡಳಿತದಲ್ಲಿ ದೊಡ್ಡ ಅಧಿಕಾರಿಯಾಗಿದ್ದವರು. ಒಬ್ಬ ಒಳ್ಳೆಯ ಅಮಲ್ದಾರನ ನೆನಪು ಹಳ್ಳಿಯಲ್ಲಿ ಎಷ್ಟು ತಲೆಮಾರು ಉಳಿಯುತ್ತದೆಂಬುದನ್ನು ಆ ತಲೆಯ ಹಿರಿಯರು ಬಲ್ಲರು. 2014ರಲ್ಲಿ ರವಿಯವರನ್ನು ವರ್ಗಮಾಡಿದಾಗ ಜನ ಬೀದಿಗಿಳಿದು ಪ್ರತಿಭಟಿಸಿದುದರಲ್ಲಿ ಆಶ್ಚರ್ಯವಿಲ್ಲ. ಅವರು ಬೆಂಗಳೂರಿನ ವಾಣಿಜ್ಯ ತೆರಿಗೆ ಇಲಾಖೆಯ ಜಾರಿ ವಿಭಾಗಕ್ಕೆ ಅಪರ ಆಯುಕ್ತರಾಗಿ ಹೋದರು. ಅಲ್ಲಿಯೂ ದೊಡ್ಡ ವ್ಯಾಪಾರಸ್ಥರ ಲೆಕ್ಕಪತ್ರಗಳ ತಪಾಸಣೆ ನಡೆಸಿದರೆಂಬ ಸುದ್ದಿ ಕೋಲಾರಕ್ಕೆ ಬರುತ್ತಿತ್ತು.

2015ರ ಮಾರ್ಚ್ 16, ಸೋಮವಾರ ಸಂಜೆ. ಕೋರಮಂಗಲದ ಕಡೆಯ ತಮ್ಮ ವಸತಿಯಲ್ಲಿ ರವಿಯವರು ಮೃತರಾಗಿದ್ದುದು ಕಂಡುಬಂತು. ವಯಸ್ಸು ಮೂವತ್ತೈದು. ಮೇಲುನೋಟಕ್ಕೆ ಆತ್ಮಹತ್ಯೆಯೆಂದು ನಗರದ ಪೊಲೀಸ್ ಕಮಿಷನರು ಆಗಲೇ ಹೇಳಿದರು. ತನಿಖೆಯ ದೃಷ್ಟಿಯಿಂದ ಅದು ವಾಡಿಕೆಯ ಮಾತು. ದುಃಖದಲ್ಲಿದ್ದ ಜನಕ್ಕೆ ಮಾತ್ರ ಅದು ಕಡತವನ್ನು ತೆರೆಯುವ ಮೊದಲೇ ಮುಚ್ಚಿದಂತೆ ಕೇಳಿಸಿತು. ಮರುದಿನ ಬೆಳಗಾಗುವ ಹೊತ್ತಿಗೆ ಕೋಲಾರದ ಅಂಗಡಿ ಮುಂಗಟ್ಟು ಬಂದ್. ಇಟ್ಟಿಗೆ ಹೆಂಚುಗಳ ಮಾಲೂರು, ಮದರಾಸು ಹೆದ್ದಾರಿಯ ಮೇಲಿನ ಮುಳಬಾಗಿಲು, ಮಾವಿನ ತೋಪುಗಳ ಶ್ರೀನಿವಾಸಪುರ, ಎಲ್ಲೆಲ್ಲಿಯೂ ಅದೇ ಮಾತು. ಕೋಲಾರದಲ್ಲಿ ಟೈರು ಸುಟ್ಟರು, ಕಲ್ಲು ಬಿದ್ದುವು. ‘ರವಿಯವರನ್ನು ಕೊಂದವರು ಯಾರು?’ ಎಂಬುದೇ ಎಲ್ಲರ ಪ್ರಶ್ನೆ. ‘ಕೊಂದರೇ?’ ಎಂಬ ಪ್ರಶ್ನೆಯನ್ನು ದಾಟಿ ಜನ ಆಗಲೇ ಮುಂದೆ ಹೋಗಿದ್ದರು.

ಹಾಗೆ ದಾಟಿದ ಮೇಲೆ ಶಂಕಿತರಿಗೆ ಕೊರತೆಯಿರಲಿಲ್ಲ. ಮರಳಿನವರು, ಕೆರೆ ನುಂಗಿದವರು, ತೆರಿಗೆ ತಪ್ಪಿಸಿದ ಕಟ್ಟಡಗಾರರು, ಇವರ ಬೆನ್ನಿಗಿದ್ದ ರಾಜಕಾರಣಿಗಳು ಎಲ್ಲರೂ ಚಹದಂಗಡಿಯ ಪಟ್ಟಿಗೆ ಸೇರಿದರು. ಮೊಬೈಲ್ ಫೋನಿನಿಂದ ಫೋನಿಗೆ ಸಂದೇಶಗಳು ಹಾರಿದುವು. ಟೆಲಿವಿಷನ್ ವಾಹಿನಿಗಳಲ್ಲಿ ಬೆಳಗಿನಿಂದ ರಾತ್ರಿಯವರೆಗೆ ವಿಚಾರಣೆ ನಡೆಯಿತು. ಅಲ್ಲಿ ಸಾಕ್ಷಿಯೂ ವಕೀಲನೂ ನ್ಯಾಯಾಧೀಶನೂ ಒಬ್ಬನೇ. ಅವರಿಂದ ಇವರಿಗೆ ನಷ್ಟವಾಗಿತ್ತು, ಆದುದರಿಂದ ಇವರೇ ಮಾಡಿರಬೇಕು ಎಂಬುದು ಒಟ್ಟು ತರ್ಕ.

ನಮ್ಮ ಹಳೆಯ ತರ್ಕಶಾಸ್ತ್ರದಲ್ಲಿ ಬೆಟ್ಟದ ಮೇಲೆ ಹೊಗೆ ಕಂಡರೆ ಬೆಂಕಿಯುಂಟೆಂದು ಊಹಿಸಬಹುದು ಎಂಬ ಉದಾಹರಣೆ ಎಲ್ಲರಿಗೂ ಗೊತ್ತು. ಅದೇ ಶಾಸ್ತ್ರ ಒಂದು ಎಚ್ಚರಿಕೆಯನ್ನೂ ಕೊಟ್ಟಿದೆ: ದೂರದಿಂದ ಕಂಡುದು ಹೊಗೆಯೋ ಆವಿಯೋ ಎಂದು ಮೊದಲು ನಿಶ್ಚಯವಾಗಬೇಕು. ಮಾಗಿಯ ಬೆಳಗಿನಲ್ಲಿ ಕೋಲಾರದ ಅಂತರಗಂಗೆಯ ಬೆಟ್ಟವನ್ನು ನೋಡಿದವರಿಗೆ ಈ ಎಚ್ಚರಿಕೆಯ ಅರ್ಥ ಬೇಗ ಹೊಳೆದೀತು. ಹಗೆತನವಿತ್ತೆಂಬುದು ಕೊಲೆ ನಡೆದಿದ್ದರೆ ಯಾರನ್ನು ವಿಚಾರಿಸಬೇಕೆಂದು ತೋರಿಸಬಹುದು. ಕೊಲೆ ನಡೆಯಿತೆಂಬುದನ್ನು ಅದು ತೋರಿಸಲಾರದು.

ಇಷ್ಟಾಗಿಯೂ, ಜನ ಬುದ್ಧಿಗೆಟ್ಟರೆಂದು ಹೇಳಿ ಕೈತೊಳೆದುಕೊಳ್ಳುವುದು ಇತಿಹಾಸವನ್ನು ಓದುವ ರೀತಿಯಲ್ಲ. ಅವರ ಸಂಶಯಕ್ಕೆ ಬೇರುಗಳಿದ್ದುವು. ಅವು ಈ ಜಿಲ್ಲೆಯ ನೆಲದಲ್ಲಿಯೇ ಇದ್ದುವು.

ಒಂದು ಬೇರು ಕಂಬಾಲಪಲ್ಲಿ. ಈಗ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿರುವ ಚಿಂತಾಮಣಿ ತಾಲ್ಲೂಕು 2007ರವರೆಗೆ ಕೋಲಾರ ಜಿಲ್ಲೆಯ ಭಾಗವಾಗಿತ್ತು. ಆ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ 2000ನೆಯ ಇಸವಿಯ ಮಾರ್ಚ್ 11ರಂದು ಏಳು ಮಂದಿ ದಲಿತರನ್ನು ಜೀವಂತ ಸುಟ್ಟರು. ಕೊಲೆಯೆಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ. ಮೊಕದ್ದಮೆ ನಡೆಯಿತು, ಸಾಕ್ಷಿಗಳು ಒಬ್ಬೊಬ್ಬರಾಗಿ ತಿರುಗಿಬಿದ್ದರು, 2006ರಲ್ಲಿ ಆಪಾದಿತರೆಲ್ಲರೂ ಬಿಡುಗಡೆಯಾದರು. 2014ರಲ್ಲಿ ಹೈಕೋರ್ಟು ಆ ಬಿಡುಗಡೆಯನ್ನೇ ಎತ್ತಿಹಿಡಿಯಿತು. ಏಳು ಹೆಣಗಳಿದ್ದು ಒಬ್ಬ ಅಪರಾಧಿಯೂ ಇಲ್ಲದ ಈ ತೀರ್ಪು ಜನರ ಮನಸ್ಸಿನಲ್ಲಿ ಏನನ್ನು ಬಿತ್ತಿರಬೇಕು? ಬಲಿಷ್ಠರಿದ್ದ ಕಡೆ ತನಿಖೆ ನೆಲೆಮುಟ್ಟುವುದಿಲ್ಲವೆಂಬ ನಂಬಿಕೆಯನ್ನಲ್ಲವೆ?

ಇನ್ನೊಂದು ಬೇರು ಕೋಲಾರದ ಚಿನ್ನದ ಗಣಿ ಪ್ರದೇಶದ್ದು. ಮಂಜುನಾಥ್ ಷಣ್ಮುಗಂ ಕೆ.ಜಿ.ಎಫ್.ನ ಹುಡುಗ. ಮೈಸೂರಿನಲ್ಲಿ ಇಂಜಿನಿಯರಿಂಗ್ ಓದಿ, ಲಕ್ನೋದ ಐ.ಐ.ಎಂ.ನಲ್ಲಿ ಪದವಿ ಪಡೆದು, ಇಂಡಿಯನ್ ಆಯಿಲ್ ಸಂಸ್ಥೆಯ ಮಾರಾಟ ಅಧಿಕಾರಿಯಾಗಿ ಉತ್ತರ ಪ್ರದೇಶದ ಲಖಿಂಪುರ ಖೇರಿಗೆ ಹೋದರು. ಅಲ್ಲಿಯ ಒಂದು ಪೆಟ್ರೋಲ್ ಬಂಕಿನ ಕಲಬೆರಕೆಯನ್ನು ಹಿಡಿದು ಮಾರಾಟ ನಿಲ್ಲಿಸಿದರು. 2005ರ ನವೆಂಬರ್ 19ರಂದು ಮತ್ತೆ ತಪಾಸಣೆಗೆಂದು ಹೋದಾಗ ಅವರನ್ನು ಗುಂಡಿಟ್ಟು ಕೊಂದರು. ಆಗ ಅವರಿಗೆ ಇಪ್ಪತ್ತೇಳು ವರ್ಷ. ಪ್ರಾಮಾಣಿಕ ಅಧಿಕಾರಿಯನ್ನು ಕಲಬೆರಕೆಯವರು ಕೊಲ್ಲುತ್ತಾರೆಂಬುದು ಕೋಲಾರಕ್ಕೆ ಕಟ್ಟುಕಥೆಯಲ್ಲ. ತಮ್ಮ ಮನೆಯ ಮಗನಿಗೆ ಆಗಿಹೋದುದು. ಆ ಕೊಲೆಯ ಆರು ಮಂದಿ ಅಪರಾಧಿಗಳ ಜೀವಾವಧಿ ಶಿಕ್ಷೆಯನ್ನು ಸುಪ್ರೀಂ ಕೋರ್ಟು ಕಾಯಂ ಮಾಡಿದುದು 2015ರ ಮಾರ್ಚ್ ತಿಂಗಳಲ್ಲಿಯೇ. ಇದಕ್ಕೆ ಬೆಂಗಳೂರಿನ ನೆನಪೂ ಕೂಡಿಕೊಂಡಿತು. ಸಹಕಾರ ಸಂಘಗಳ ಲೆಕ್ಕ ಪರಿಶೋಧನೆಯ ಅಧಿಕಾರಿ ಎಸ್. ಪಿ. ಮಹಾಂತೇಶರು 2012ರ ಮೇ ತಿಂಗಳಲ್ಲಿ ನಗರದ ರಸ್ತೆಯಲ್ಲಿ ಹಲ್ಲೆಗೊಳಗಾಗಿ, ಕೆಲವು ದಿನಗಳ ಮೇಲೆ ತೀರಿಕೊಂಡಿದ್ದರು.

ಹೀಗೆ ಹಿಂದೆ ನಡೆದುಹೋದ ಕಥೆ ಸಿದ್ಧವಾಗಿತ್ತು. ಹೊಸ ಸಾವನ್ನು ಜನ ಅದರೊಳಗೆ ಕೂಡಿಸಿದರು, ಅದು ಸರಿಯಾಗಿ ಕೂತಂತೆಯೂ ಕಂಡಿತು.

ವಿಧಾನಮಂಡಲದ ಅಧಿವೇಶನ ನಡೆಯುತ್ತಿದ್ದ ಸಮಯ ಅದು. ಸಿದ್ಧರಾಮಯ್ಯನವರ ಸರಕಾರ ತನಿಖೆಯನ್ನು ಸಿ.ಐ.ಡಿ.ಗೆ ವಹಿಸಿತು. ಸಿ.ಬಿ.ಐ.ಯೇ ಬೇಕೆಂದು ವಿರೋಧ ಪಕ್ಷಗಳು ಪಟ್ಟು ಹಿಡಿದುವು. ಮಗನನ್ನು ಕಳೆದುಕೊಂಡ ವೃದ್ಧ ತಾಯಿತಂದೆ ವಿಧಾನಸೌಧದ ಬಳಿ ಧರಣಿ ಕುಳಿತರು. ಆ ದೃಶ್ಯವನ್ನು ಕಂಡ ಯಾವ ಕನ್ನಡಿಗನಿಗೂ ಕರುಳು ಚುರುಕ್ಕೆನ್ನದೆ ಇರಲಿಲ್ಲ. ನಿಷ್ಪಕ್ಷಪಾತವಾದ ತನಿಖೆ ಬೇಕೆಂಬ ಬೇಡಿಕೆ ಅಲ್ಲಿಯವರೆಗೆ ನ್ಯಾಯವಾಗಿಯೇ ಇತ್ತು. ಸರಕಾರದ ಮೇಲೆಯೇ ಸಂಶಯವಿದ್ದಾಗ ಸರಕಾರದ ಕೈಕೆಳಗಿನವರ ಮಾತು ಸಾಲದೆನ್ನುವುದು ಪ್ರಜೆಗಳ ಹಕ್ಕು.

ಅಷ್ಟರಲ್ಲಿ ಗಾಳಿ ಬೇರೊಂದು ಕಡೆಗೆ ಬೀಸಿತು. ತನಿಖೆಯ ತುಣುಕುಗಳು ಯಾರಿಂದಲೋ ಹೊರಬಿದ್ದುವು. ಫೋನ್ ಕರೆಗಳ ಲೆಕ್ಕ, ಸಂದೇಶಗಳ ಗಾಳಿಸುದ್ದಿ, ಅವುಗಳೊಡನೆ ಒಬ್ಬ ಮಹಿಳಾ ಅಧಿಕಾರಿಯ ಹೆಸರು. ನಿನ್ನೆಯವರೆಗೆ ಮರಳಿನವರನ್ನು ಬೈಯುತ್ತಿದ್ದ ನಾಲಗೆಗಳು ಇಂದು ಒಂದು ಹೆಣ್ಣಿನ ಮಾನವನ್ನು ಹರಾಜಿಗೆ ಇಟ್ಟುವು. ಆಕೆಯ ಮೇಲೆ ಯಾವ ಆಪಾದನೆಯೂ ಇರಲಿಲ್ಲ. ಯಾವ ನ್ಯಾಯಾಲಯವೂ ಆಕೆಯನ್ನು ಕರೆದು ಪ್ರಶ್ನೆ ಕೇಳಿರಲಿಲ್ಲ. ಸಂಬಂಧಪಟ್ಟವರು ಹೈಕೋರ್ಟಿನ ಮೊರೆಹೊಕ್ಕರು. ಸಿ.ಐ.ಡಿ.ಯ ಮಧ್ಯಂತರ ವರದಿಯನ್ನು ಬಹಿರಂಗಪಡಿಸಕೂಡದೆಂದು ಹೈಕೋರ್ಟು ತಡೆಯೊಡ್ಡಿತು. ಮಾರ್ಚ್ 23ರಂದು ಮುಖ್ಯಮಂತ್ರಿಗಳು ತನಿಖೆಯನ್ನು ಸಿ.ಬಿ.ಐ.ಗೆ ಒಪ್ಪಿಸುವುದಾಗಿ ಸಾರಿದರು.

ಒಪ್ಪಿಸುವಾಗ ಸರಕಾರ ಮೂರು ತಿಂಗಳ ಗಡುವು ಹಾಕಿತು. ಸಿ.ಬಿ.ಐ. ಅದಕ್ಕೆ ಒಪ್ಪಲಿಲ್ಲ. ಷರತ್ತನ್ನು ತೆಗೆದ ಮೇಲೆ ತನಿಖೆ ಸಾಗಿತು. ಸಂದೇಹವನ್ನು ಒಂದು ವಾರದಲ್ಲಿ ಬೆಳೆಸಿದ ಜನಕ್ಕೆ ಉತ್ತರ ಬರಲು ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. 2016ರ ನವೆಂಬರಿನಲ್ಲಿ ಸಿ.ಬಿ.ಐ. ತನ್ನ ತೀರ್ಮಾನವನ್ನು ಕೊಟ್ಟಿತು. ಬೇರೆಯವರ ಕೈವಾಡಕ್ಕೆ ಆಧಾರವಿಲ್ಲ. ಇದು ವೈಯಕ್ತಿಕ ಕಾರಣಗಳಿಂದ ಆದ ಆತ್ಮಹತ್ಯೆ ಎಂಬುದು ಅದರ ಸಾರ. ಜನ ಯಾರ ಮೇಲೆ ಭರವಸೆಯಿಟ್ಟು ಬೀದಿಗಿಳಿದಿದ್ದರೋ ಆ ಸಂಸ್ಥೆಯೇ, ಜನ ಒಪ್ಪದಿದ್ದ ಮಾತನ್ನು ಹೇಳಿತು.

ಕಂಬಾಲಪಲ್ಲಿಯಲ್ಲಿ ಕೊಲೆಗಳಾಗಿದ್ದುವು, ಕೊಲೆಗಾರರು ಇರಲಿಲ್ಲ. ಇಲ್ಲಿ ಕೊಲೆಗಾರರ ಪಟ್ಟಿಯೇ ಸಿದ್ಧವಿತ್ತು, ಕೊಲೆಯೇ ಆಗಿರಲಿಲ್ಲ. ಒಂದೇ ಸೀಮೆ ಹದಿನೈದು ವರ್ಷಗಳ ಅಂತರದಲ್ಲಿ ಈ ಎರಡನ್ನೂ ಕಂಡಿತು. ಮೊದಲನೆಯದರ ನೋವು ಆರದೆ ಇದ್ದುದರಿಂದಲೇ ಎರಡನೆಯದರಲ್ಲಿ ಜನ ಅಷ್ಟು ಬೇಗ ನಂಬಿದರೆಂದು ನಮಗೆ ತೋರುತ್ತದೆ.

ವರದಿ ಬಂದ ಮೇಲೂ ಎಲ್ಲರೂ ಒಪ್ಪಿದರೆಂದಲ್ಲ. ‘ಅವರನ್ನೂ ಕೊಂಡುಕೊಂಡಿರಬೇಕು’ ಎನ್ನುವವರು ಇದ್ದೇ ಇರುತ್ತಾರೆ. ಇಂಥ ನಂಬಿಕೆಗೆ ಒಂದು ವಿಶೇಷ ಗುಣವುಂಟು. ಅದರ ಪರವಾದ ಮಾತು ಬಂದರೆ ಅದು ಪುರಾವೆ. ವಿರುದ್ಧವಾದ ಮಾತು ಬಂದರೆ ಅದು ಪಿತೂರಿಯ ಪುರಾವೆ. ಯಾವುದರಿಂದಲೂ ಸುಳ್ಳಾಗಲಾರದ ನಂಬಿಕೆಯನ್ನು ಯಾವುದರಿಂದಲೂ ನಿಜಮಾಡುವಂತಿಲ್ಲ. ಆತ್ಮಹತ್ಯೆ ಎಂಬ ಮಾತು ಪ್ರೀತಿಸಿದವರಿಗೆ ಏಕೆ ಅಷ್ಟು ಕಷ್ಟವಾಗುತ್ತದೆ ಎಂಬುದನ್ನೂ ಇಲ್ಲಿ ನೆನೆಯಬೇಕು. ಧೈರ್ಯಸ್ಥನೆಂದು ನಾವು ಮೆಚ್ಚಿದವನಿಗೂ ನಮಗೆ ಕಾಣದ ಸಂಕಟವಿರಬಹುದೆಂದು ಒಪ್ಪಿದರೆ ಅವನ ಧೈರ್ಯಕ್ಕೆ ಕುಂದು ಬಂದೀತೆಂದು ಹೆದರುತ್ತೇವೆ. ಕುಂದು ಬರಬೇಕಾದುದಿಲ್ಲ. ಹಗಲಿನಲ್ಲಿ ಲಾರಿಗಳನ್ನು ತಡೆದ ಮನುಷ್ಯ ರಾತ್ರಿ ಒಬ್ಬನೇ ಕುಳಿತು ಬಳಲಿರಬಹುದು. ಎರಡೂ ನಿಜವಾಗಿರಲು ಅಡ್ಡಿಯೇನಿದೆ? ಬಳಲಿದವರು ತಮ್ಮವರ ಬಳಿ ಬಾಯಿಬಿಟ್ಟು ಹೇಳಿಕೊಳ್ಳುವಂತೆ ನಮ್ಮ ಮನೆಗಳೂ ಕಚೇರಿಗಳೂ ಇವೆಯೆ ಎಂದು ಕೇಳಿಕೊಂಡಿದ್ದರೆ ಆ ದುಃಖದಿಂದ ಒಂದು ಪ್ರಯೋಜನವಾದರೂ ಆಗುತ್ತಿತ್ತು.

ಶಂಕೆ ಅಪರಾಧವಾಗಿ ನಿಲ್ಲಲು ಏನೇನು ಬೇಕೆಂಬುದನ್ನು ಮಂಜುನಾಥರ ಪ್ರಕರಣದಿಂದಲೇ ತಿಳಿಯಬಹುದು. ಅಲ್ಲಿ ಕಲಬೆರಕೆಯನ್ನು ಹಿಡಿದುದಕ್ಕೆ ದಾಖಲೆಯಿತ್ತು. ಗುಂಡೇಟು ಬಿದ್ದ ದೇಹ ಅವರ ಕಾರಿನಲ್ಲಿಯೇ ಸಿಕ್ಕಿತು. ಆ ಕಾರಿನಲ್ಲಿದ್ದವರು ಅದೇ ಬಂಕಿನ ಕೆಲಸಗಾರರು. 2007ರಲ್ಲಿ ಲಖಿಂಪುರದ ನ್ಯಾಯಾಲಯ ಎಂಟು ಮಂದಿಗೆ ಶಿಕ್ಷೆ ಕೊಟ್ಟಿತು. ಅದರಲ್ಲಿ ಬಂಕಿನ ಒಡೆಯರ ಮಗನಿಗೆ ಮರಣದಂಡನೆ. 2009ರಲ್ಲಿ ಅಲಹಾಬಾದ್ ಹೈಕೋರ್ಟು ಮರಣದಂಡನೆಯನ್ನು ಜೀವಾವಧಿಗೆ ಇಳಿಸಿ, ಎಂಟರಲ್ಲಿ ಇಬ್ಬರನ್ನು ಬಿಡುಗಡೆ ಮಾಡಿತು. ಉಳಿದ ಆರು ಮಂದಿಯ ಶಿಕ್ಷೆ ಸುಪ್ರೀಂ ಕೋರ್ಟಿನಲ್ಲಿ ನಿಂತಿತು. ಹತ್ತು ವರ್ಷ, ಮೂರು ನ್ಯಾಯಾಲಯ. ಇಷ್ಟೊಂದು ಕಣ್ಣುಗಳ ಮುಂದೆ ಹಾದುಬಂದ ಪಟ್ಟಿಯಲ್ಲಿಯೂ ಎಂಟರಲ್ಲಿ ಎರಡು ಹೆಸರನ್ನು ಹೊಡೆದುಹಾಕಬೇಕಾಯಿತು. ಒಂದು ಬೆಳಗಿನಲ್ಲಿ ಚಹದಂಗಡಿಯ ಮುಂದೆ ತಯಾರಾದ ಪಟ್ಟಿಯಲ್ಲಿ ಎಷ್ಟು ಹೆಸರು ಉಳಿದಾವು?

ಹಾಗಾದರೆ 2015ರ ಆ ವದಂತಿಗಳನ್ನೆಲ್ಲ ಇತಿಹಾಸಕಾರನು ಕಸದಬುಟ್ಟಿಗೆ ಹಾಕಬೇಕೆ? ಕೂಡದು. ರವಿಯವರ ಸಾವು ಹೇಗಾಯಿತೆಂದು ತಿಳಿಯಲು ಅವು ನಿರುಪಯೋಗಿ. ಕೋಲಾರದ ಜನ ಹೇಗೆ ಬದುಕುತ್ತಿದ್ದರು, ಯಾರಿಗೆ ಹೆದರುತ್ತಿದ್ದರು, ಯಾರನ್ನು ನಂಬುತ್ತಿರಲಿಲ್ಲ ಎಂಬುದಕ್ಕೆ ಮಾತ್ರ ಅವುಗಳಿಗಿಂತ ಒಳ್ಳೆಯ ದಾಖಲೆ ಸಿಗಲಾರದು. ಮರಳಿನವರ ಮೇಲಿನ ಶಂಕೆ ಕೊಲೆಯ ವಿಷಯದಲ್ಲಿ ಹುಸಿಯಾಯಿತು. ಮರಳಿನ ವಿಷಯದಲ್ಲಿ ಅದು ಹುಸಿಯಾಗಿರಲಿಲ್ಲ. ಕೆರೆಯಂಗಳದ ಗುಂಡಿಗಳನ್ನು ಯಾರು ಬೇಕಾದರೂ ಹೋಗಿ ನೋಡಬಹುದಾಗಿತ್ತು, ಅಳೆಯಬಹುದಾಗಿತ್ತು. ಅದಕ್ಕೆ ಸಿ.ಬಿ.ಐ. ಬೇಕಾಗಿರಲಿಲ್ಲ. ಕಾಣದ ಕೊಲೆಗಾರನಿಗಾಗಿ ಬಂದ್ ಆಚರಿಸಿದ ನಾಲ್ಕು ತಾಲ್ಲೂಕುಗಳಲ್ಲಿ, ಕಣ್ಣಿಗೆ ಕಾಣುವ ಆ ಗುಂಡಿಗಳಿಗಾಗಿ ಅಂಥ ಒಂದು ದಿನ ಅಂಗಡಿ ಮುಚ್ಚಿದ್ದರೆ!

ಇಲ್ಲಿಯೇ ಆ ವಾರದ ನಿಜವಾದ ನಷ್ಟವಿರುವುದು. ಸಂಕಟದ ಬಲವೆಲ್ಲ ಒಂದು ಹೆಸರನ್ನು ಹುಡುಕುವುದರಲ್ಲಿ ಖರ್ಚಾಯಿತು. ಹೆಸರು ಸಿಗದಾಗ ಕೈಗೆ ಸಿಕ್ಕಿದ ಹೆಸರಿನ ಮೇಲೆ ಬಿತ್ತು. ರವಿಯವರು ಮಾಡಲು ಹೊರಟಿದ್ದ ಕೆಲಸ ಯಾರ ಪಾಲಿಗೆ ಉಳಿಯಿತೆಂದು ಕೇಳುವವರು ಕಡಿಮೆಯಾದರು. ಮುಳಬಾಗಿಲಿನಲ್ಲಿ ಹುಟ್ಟಿದ ಡಿ. ವಿ. ಗುಂಡಪ್ಪನವರು ಪತ್ರಿಕೆಯನ್ನು ಪ್ರಜೆಗಳಿಗೆ ತಿಳಿವಳಿಕೆ ಕೊಡುವ ಕೆಲಸವೆಂದು ಬಗೆದು ಬಾಳಿದವರು. ಅವರ ಊರಿನ ಸೀಮೆಯಲ್ಲಿಯೇ ಹೀಗಾಯಿತಲ್ಲಾ ಎಂದು ಪತ್ರಿಕಾವೃತ್ತಿಯವರಾದ ನಾವು ಮೊದಲು ನಾಚಬೇಕು. ಜನ ಊಹಿಸಿದರೆ ಅದು ದುಃಖ. ಊಹೆಯನ್ನು ಸುದ್ದಿಯೆಂದು ಮಾರಿದುದು ವ್ಯಾಪಾರ.

2018ರಲ್ಲಿ ಬೆಂಗಳೂರಿನ ಕೊಳಚೆಯನ್ನು ಸಂಸ್ಕರಿಸಿದ ನೀರು ಕೋರಮಂಗಲ ಚಲ್ಲಘಟ್ಟ ಕಣಿವೆಯಿಂದ ಕೋಲಾರದ ಕೆರೆಗಳಿಗೆ ಹರಿಯತೊಡಗಿತು. ಆ ನೀರಿನ ಗುಣದ ಬಗೆಗೆ ವಾದಗಳೆದ್ದುವು. ಅದು ಬೇರೆ ವಿಷಯ. ಬಹುಕಾಲ ಬತ್ತಿದ್ದ ಅಂಗಳಗಳಿಗೆ ನೀರು ಬಂದಾಗ, ಅಂಗಳವನ್ನು ಕಾಯ್ದುಕೊಂಡ ಕೆರೆಯಲ್ಲಿ ಮಾತ್ರ ಅದು ನಿಲ್ಲುತ್ತದೆಂಬುದು ಯಾರಿಗೂ ಹೇಳಿಕೊಡಬೇಕಾಗಲಿಲ್ಲ. ಒತ್ತುವರಿ ತೆರವು ಮಾಡಿಸಿದ ಅಧಿಕಾರಿಯ ಕೆಲಸಕ್ಕೆ ಅರ್ಥ ಕಟ್ಟಿಕೊಡಲು ನೀರೇ ಸಾಕು.

ಮತ್ತೆ ವೀರಗಲ್ಲಿನ ಮಾತಿಗೆ ಬರೋಣ. ಈ ಸೀಮೆಯಲ್ಲಿ ಕಲ್ಲುಗಳು ವೀರರಿಗೆ ಮಾತ್ರ ನಿಂತಿಲ್ಲ. ಕೆರೆ ಕಟ್ಟಿಸಿದವರ, ತೂಬು ಇಡಿಸಿದವರ, ಕೆರೆಯ ಕಾಪಿಗೆಂದು ನೆಲ ಬಿಟ್ಟವರ ಶಾಸನಗಳೂ ಬೇಕಾದಷ್ಟಿವೆ. ಅವುಗಳಲ್ಲಿ ಹಗೆಯ ಹೆಸರು ಇರುವುದಿಲ್ಲ. ಮಾಡಿದ ಕೆಲಸ ಇರುತ್ತದೆ, ಅದನ್ನು ಮುಂದೆ ನಡಸಿಕೊಂಡು ಹೋಗಬೇಕೆಂಬ ಮಾತಿರುತ್ತದೆ. ಕೋಲಾರದವರು ತಮ್ಮ ಜಿಲ್ಲಾಧಿಕಾರಿಯನ್ನು ನೆನೆಯುವುದಾದರೆ ಆ ಬಗೆಯ ಕಲ್ಲು ಹೆಚ್ಚು ಸೂಕ್ತ. ಅದನ್ನು ನಿಲ್ಲಿಸುವುದಕ್ಕೆ ಯಾವ ತನಿಖೆಯೂ ಮುಗಿಯಬೇಕಾಗಿರಲಿಲ್ಲ.